ಫರಶಿ ಒಣಗುವ ಮೊದಲೇ

ಹೈದರಾಬಾದಿನವರು ನೀನು ನೆಲದ ಮೇಲೆ ಬಿಡಿಸಿದ ಚಿತ್ರಕತೆ ನೋಡಿ ಬೇಡ ಅನ್ನಲಿಲ್ಲ, ಜಗದೇವಿ. ಅವರು ಅದನ್ನು ನೋಡಲೇ ಇಲ್ಲ. ಅವರ ಕಣ್ಣಿಗೆ ಬೀಳದ ಹಾಗೆ ಮಾಡಿದವನು ನಾನು. ಆಮೇಲೆ ನಿನ್ನ ಮನೆಯ ಕಟ್ಟೆಯ ಮೇಲೆ ಕೂತು, ನೀನು ಕೊಟ್ಟ ಚಹಾ ಕುಡಿಯುತ್ತ, ಅವರಿಗೆ ಸೇರಲಿಲ್ಲವಂತೆ ಎಂದು ಸುಳ್ಳು ಹೇಳಿದವನೂ ನಾನೇ.

ಏಳೆಂಟು ವರ್ಷವಾಯಿತು. ಈ ಮಾತನ್ನು ನಾನು ನಾಲಿಗೆಯ ಕೆಳಗೆ ಇಟ್ಟುಕೊಂಡೇ ಉಂಡಿದ್ದೇನೆ, ನಕ್ಕಿದ್ದೇನೆ, ಊರ ಮಂದಿಗೆ ಕತೆ ಹೇಳಿದ್ದೇನೆ. ಇವತ್ತು ಉಗುಳಬೇಕು — ಇಲ್ಲದಿದ್ದರೆ...

ನಾನು ಯಾರೆಂದು ಪತ್ರಿಕೆಯ ಈ ಪುಟದ ಓದುಗರಿಗೆ ಗೊತ್ತು. ಶಹಾಬಾದಿನ ಬಜಾರಿನಲ್ಲಿ ಝೆರಾಕ್ಸ್ ಮಷೀನು, ಪೆನ್ನು, ಪಾಟಿ ಇಟ್ಟುಕೊಂಡು ಕೂತವನು. ಒಂದು ಕಾಲಕ್ಕೆ ಅದೇ ಅಂಗಡಿಯಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ಕೊಡುತ್ತಿದ್ದೆ. ಈಗ ಪುಸ್ತಕ ಒಯ್ಯುವವರು ಕಡಿಮೆ, ಮಾತು ಒಯ್ಯುವವರು ಭಾಳ. ಯಾವ ಕಾದಂಬರಿ ಓದಬೇಕು, ಫೋನಿನಲ್ಲಿ ಯಾವ ಕೊಲೆಯ ಸಿನಿಮಾ ನೋಡಬೇಕು, ಮಕ್ಕಳಿಗೆ ಯಾವ ಚಿತ್ರಕತೆಯ ಪುಸ್ತಕ ತರಬೇಕು — ಚಿತ್ತಾಪುರದಿಂದ ಸೇಡಂವರೆಗೆ ಕೇಳುವವರಿದ್ದಾರೆ. ಚಿಂಚೋಳಿ ಬಸ್ಸಿನ ಒಬ್ಬ ಕಂಡಕ್ಟರ್ ಅಂಗಡಿಯ ಮುಂದೆ ನಿಂತು ಕೂಗುತ್ತಾನೆ: "ಅಣ್ಣಾರ, ನೀವು ಹೇಳಿದ ಆ ಬಾವ್ಯಾಗಿನ ಹೆಣದ ಪಿಚ್ಚರ್ ನೋಡಿ ನಮ್ಮ ಮನಿಯಾಕಿ ಎರಡು ದಿನ ನೀರಿಗೆ ಹೋಗಿಲ್ಲ. ಈ ಸಲ ನೀರಿಲ್ಲದ್ದು ಹೇಳ್ರಿ!"

ಇಂಥ ಮಾತು ಕೇಳಿ ನಾನು ಉಬ್ಬಿದವನು. ನಾನು ಚಲೋ ಅಂದದ್ದು ಚಲೋ, ಬ್ಯಾಡ ಅಂದದ್ದು ಬ್ಯಾಡ. ಹೀಗೆ ಮಂದಿ ನಂಬಿದ ಬಾಯಿ ಇದು. ಆ ಬಾಯಿಯಿಂದಲೇ...

ಮಾತು ನನಗೆ ನಮ್ಮ ಆಯಿಯಿಂದ, ಅಂದರೆ ಅಜ್ಜಿಯಿಂದ, ಬಂದದ್ದು. ಹೊರಸಿನ ಮೇಲೆ ಕೂತು ಕಳ್ಳರ ಕತೆ ಹೇಳುತ್ತಿದ್ದಳು. ಬಾಗಿಲು ಮುರಿಯುವ ಹೊತ್ತಿಗೆ ಸರಿಯಾಗಿ ಅವಳಿಗೆ ಎಲೆ ಅಡಕಿ ನೆನಪಾಗುತ್ತಿತ್ತು. ಕಳ್ಳ ಯಾರೆಂದು ನಾವು ಅವಸರ ಮಾಡಿದರೆ ಗದರುತ್ತಿದ್ದಳು: "ಕತಿ ಮುಗಿಯೂತನಾ ಯಾರ ಹೆಸರೂ ಬಾಯಾಗ ತರಬಾರದು. ತಂದ್ರ ಪಾಪ ಸುತ್ಕೋತದ." ಈ ಪುಟದಲ್ಲಿ ಅದೇ ಮಾತನ್ನು ನಾನೆಷ್ಟು ಸಲ ಬರೆದಿದ್ದೇನೋ. ಕೊನೆಯ ಹಾಳೆ ಮಗುಚುವತನಕ ಯಾರನ್ನೂ ಕಳ್ಳ ಅನ್ನಬೇಡಿ, ಸಿನಿಮಾ ಪೂರ್ತಿ ಮುಗಿಯುವ ಮುಂಚೆ ಏಳಬೇಡಿ ಎಂದು. ಬರೆಯುವುದು ಸುಲಭ.

ಈಗ ನಿನ್ನ ಅಂಗಳದ ಮಾತು. ನೋಡದವರಿಗೆ ಹೇಗೆ ಹೇಳಲಿ?

ಶಹಾಬಾದಿನಲ್ಲಿ ಮನೆ, ಅಂಗಳ, ಓಣಿ ಎಲ್ಲ ಫರಶಿಯೇ. ನೆಲದಿಂದ ಹಾಳೆಹಾಳೆಯಾಗಿ ಏಳುವ ಬೂದು ನೀಲಿ ಕಲ್ಲು. ಒಣಗಿದಾಗ ಪಾರಿವಾಳದ ರೆಕ್ಕೆಯ ಬಣ್ಣ. ನೀರು ಬಿದ್ದರೆ ಮಳೆಗಾಲದ ರಾತ್ರಿಯಷ್ಟು ಕಪ್ಪು. ಖಡಕ್ ರೊಟ್ಟಿ ಬಡಿದು ಮಾರುವ ಜಗದೇವಿ ನಸುಕಿನಲ್ಲಿ ಅಂಗಳ ತೊಳೆದು, ಎಲ್ಲರೂ ರಂಗೋಲಿ ಹಾಕುವ ಜಾಗದಲ್ಲಿ ಕತೆ ಬಿಡಿಸುತ್ತಿದ್ದಳು. ಒಂದು ಫರಶಿಗೆ ಒಂದು ಚಿತ್ರ. ಸಂದುಗಳೇ ಚೌಕಟ್ಟು. ಕೆಮ್ಮಣ್ಣು, ಬಳಪ, ಒಲೆಯ ಇದ್ದಿಲು, ಸುಣ್ಣದ ತಿಳಿ. ದಿನಕ್ಕೊಂದು ಕಂತು. ಮರುದಿನ ನೀರು ಬಿದ್ದರೆ ಮುಗಿಯಿತು — ನಿನ್ನೆಯ ಕತೆ ಓಣಿಯ ನೆನಪಿನಲ್ಲಿ ಮಾತ್ರ.

ಆದರೆ ಅದರ ಜಾದು ಬೇರೆಯೇ. ಹಸಿ ಕಲ್ಲಿನ ಮೇಲೆ ಸುಣ್ಣದ ತಿಳಿಯಿಂದ ಎಳೆದ ಗೆರೆ ಕಾಣುವುದಿಲ್ಲ. ಕಲ್ಲು ಆರಿದ ಹಾಗೆ ಅದು ಬೆಳ್ಳಗೆ ಮೇಲೇಳುತ್ತದೆ. ಕಳ್ಳತನ ನಡೆಯುವ ಚಿತ್ರವನ್ನು ಅವಳು ಬೇಕೆಂದೇ ಹಸಿಯಾಗಿ ಇಡುತ್ತಿದ್ದಳು. ಮೊದಲು ಕತ್ತಲು. ಕತ್ತಲಲ್ಲಿ ಒಂದು ಕೆಂಪು ಆಕಾರ, ಅಷ್ಟೇ. ಬಿಸಿಲು ಏರಿದ ಹಾಗೆ ಕಲ್ಲಿನೊಳಗೇ ಬೆಳಗಾಗುತ್ತಿತ್ತು... ಒಂದು ಗೋಡೆ ಮೂಡುತ್ತಿತ್ತು, ಗೋಡೆಯ ಹಿಂದೆ ಒಂದು ಕೈ, ಕೈಯಲ್ಲಿ ಒಂದು ಕಂದೀಲು. ಯಾರೋ ಕನಸಿನಿಂದ ಎದ್ದು ಕಣ್ಣು ತೆರೆದ ಹಾಗೆ. ಶಾಲೆಗೆ ಹೊರಟ ಮಕ್ಕಳು, ಫರಶಿ ತೆಗೆಯುವ ಖಣಿಗೆ ಹೊರಟ ಗಂಡಸರು, ಎದುರಿನ ಚಹಾದಂಗಡಿಯ ಖಾಜಾಮಾಮಾ, ಎಲ್ಲರೂ ಉಸಿರು ಹಿಡಿದು ನಿಂತಿರುತ್ತಿದ್ದರು. ಕಲ್ಲು ಒಣಗುವುದನ್ನು ಕಾಯುವ ಪ್ರೇಕ್ಷಕರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ದೇಶವಿದೇಶದ ಚಿತ್ರಕತೆಗಳನ್ನು ತರಿಸಿ ಓದಿದವನು ನಾನು. ಕಾಲವೇ ಬಂದು ಚಿತ್ರ ಪೂರ್ತಿ ಮಾಡುವ ಪುಟ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆ ವರ್ಷ ಹೈದರಾಬಾದಿನ ಒಬ್ಬ ಹೆಣ್ಣುಮಗಳು ನನಗೆ ಫೋನ್ ಮಾಡಿದರು. ಸಣ್ಣ ಊರುಗಳಲ್ಲಿ ಚಿತ್ರಕತೆ ಮಾಡುವವರ ಬಗ್ಗೆ ಒಂದು ದೊಡ್ಡ ಪುಸ್ತಕ ತರುತ್ತಿದ್ದರು, ಜೊತೆಗೆ ಪ್ರದರ್ಶನ. ನಾನು ನಿನ್ನ ಬಗ್ಗೆ ಹೇಳಿದೆ. ಫೋಟೋದಲ್ಲಿ ಅದು ಸಿಗುವುದಿಲ್ಲ, ಬಂದು ನಿಂತು ನೋಡಬೇಕು ಅಂದೆ. ಕಲಬುರಗಿಗೆ ಬರುವವರಿದ್ದರು, ವಾಡಿಯಲ್ಲಿ ಇಳಿದು ಬರುತ್ತೇನೆ ಅಂದರು. ನಿನಗೆ ಸುದ್ದಿ ಹೇಳಿದಾಗ ನೀನು ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡೆ.

"ನನ್ನ ನೆಲಾ ನೋಡಾಕ ರೈಲಾಗ ಬರ್ಲಿಕತ್ತಾರೇನ್ರಿ ಅಣ್ಣಾರ? ಚಾಷ್ಟಿ ಮಾಡಬ್ಯಾಡ್ರಿ!"

ಮೀಸೆಯಂತೆ ಹಿಟ್ಟು ಹತ್ತಿದ ನಿನ್ನ ಮುಖ ನೋಡಿ ನಿನ್ನ ಮಗಳು ಬಿದ್ದು ಬಿದ್ದು ನಕ್ಕಳು.

ಅವರು ಬರುವ ವಾರವೇ ನೀನು ಹೊಸ ಕತೆ ಶುರು ಮಾಡಿದೆ. ರಾವೂರ ಕಡೆಯ ಒಂದು ಖಣಿ. ರಾತ್ರಿ ಒಟ್ಟಿದ ಫರಶಿ ಬೆಳಿಗ್ಗೆ ಇರುವುದಿಲ್ಲ. ಯಾರು ಒಯ್ದರು? ಮೊದಲ ದಿನ ನನಗೆ ಭಾಳ ಸೇರಿತು. ಎರಡನೆಯ ದಿನ ಕತೆಯೊಳಗೆ ಒಬ್ಬ ಮನುಷ್ಯ ಬಂದ. ಬಿಸಿಲಿದ್ದರೂ ಮಳೆಯಿದ್ದರೂ ಕಂಕುಳಲ್ಲಿ ಮಡಚಿದ ಕೊಡೆ, ತುಸು ಬಾಗಿದ ಬೆನ್ನು, ತಲೆಗೆ ಸುತ್ತಿದ ಟಾವೆಲ್ಲು.

ಅದು ನಮ್ಮ ಅಪ್ಪ.

ಓದುಗರಿಗೆ ಇದನ್ನು ಹೇಳಬೇಕು. ನಮ್ಮ ಅಪ್ಪ ಅಂಥದೇ ಒಂದು ಖಣಿಯಲ್ಲಿ ಮುಕಾದಮ ಇದ್ದ, ಕೂಲಿಗಳ ಮೇಲಿನವ. ಕಲ್ಲು ಕದ್ದು ಮಾರಿದ ಅಂತ ಅವನ ಮೇಲೆ ಬಂತು. ಕೆಲಸ ಬಿಡಿಸಿದರು. ಯಾರೂ ಎದುರಿಗೆ ಕಳ್ಳ ಅನ್ನಲಿಲ್ಲ, ಆದರೆ ಅವನು ಊರ ಕಟ್ಟೆಗೆ ಬಂದರೆ ಮಾತು ನಿಲ್ಲುತ್ತಿತ್ತು. ಆ ನಿಂತ ಮಾತಿನ ನಡುವೆಯೇ ಅವನು ಸತ್ತ. ನಾನು ಕದ್ದಿಲ್ಲ ಅಂತ ಅವನೂ ಯಾವತ್ತೂ ನನ್ನ ಮುಂದೆ ಹೇಳಲಿಲ್ಲ. ನಾನೂ ಕೇಳಲಿಲ್ಲ — ಕೇಳುವ ಧೈರ್ಯ ನನಗಿರಲಿಲ್ಲ. ಒಳಗೊಳಗೇ ಒಂದು ಸಂಶಯ... ಮಗನಾದವನು ಇದನ್ನು ಬರೆಯಬಾರದು. ಬರೆಯುತ್ತಿದ್ದೇನೆ.

ಮೂರನೆಯ ದಿನ ನಾನು ಬಂದಾಗ ನೀನು ಆಗಷ್ಟೇ ಒಳಗೆ ಹೋಗಿದ್ದೆ. ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ. ಕೊನೆಯ ಫರಶಿ ಹಸಿಯಾಗಿತ್ತು, ಕಪ್ಪಗೆ ಹೊಳೆಯುತ್ತಿತ್ತು. ಆ ಕತ್ತಲಲ್ಲಿ ನಮ್ಮ ಅಪ್ಪ ಒಬ್ಬನೇ, ಒಟ್ಟಿದ ಕಲ್ಲಿನ ಮೇಲೆ ಬಗ್ಗಿದ್ದ. ಕೊಡೆ ಕೆಳಗಿಟ್ಟಿದ್ದ. ಎರಡೂ ಕೈ ಕಲ್ಲಿನ ಮೇಲಿದ್ದವು.

ಕಿವಿಯಲ್ಲಿ ಗಾಳಿ ತುಂಬಿದ ಹಾಗಾಯಿತು. ಸುತ್ತ ನಿಂತವರು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಯಾರೋ ಒಬ್ಬ ನಕ್ಕ — ಯಾಕೆ ನಕ್ಕನೋ. ನಾನು ತಿರುಗಿದೆ. ಒಳಗಿನಿಂದ ನಿನ್ನ ದನಿ ಬಂತು:

"ಅಣ್ಣಾರ, ನಿಂದ್ರಿ! ಇನ್ನಾ ಆರಿಲ್ಲ ಅದು!"

ಕೇಳಿಸಿತು. ಕೇಳಿಸದವನ ಹಾಗೆ ನಡೆದೆ.

ಅಂಗಡಿಗೆ ಬಂದು ಕೂತಿದ್ದೇನೆ, ಹೈದರಾಬಾದಿನವರ ಫೋನು. ನಾಳೆ ಯಾವ ಗಾಡಿಗೆ ಬಂದರೆ ಅನುಕೂಲ ಎಂದು ಕೇಳಿದರು. ನಾನು ಹೇಳಿದೆ:

"ಬರಬ್ಯಾಡ್ರಿ. ನಾ ಅವತ್ತ ಹೆಚ್ಚಿಗಿ ಹೇಳಿದ್ದೆ. ಅಂಥವರು ನಮ್ಮ ಕಡೆ ಯಾರೂ ಇಲ್ಲ."

ಅವರು, "ನಿಮ್ಮ ಮಾತಿನ ಮೇಲೇ ಬರುವವಳಿದ್ದೆ. ನೀವೇ ಹೇಳಿದ ಮೇಲೆ ಮುಗಿಯಿತು" ಅಂದರು.

ಹೌದು. ನನ್ನ ಮಾತಿನ ಮೇಲೆ. ಊರೂರಿಗೆ ಇದನ್ನು ಓದಿ, ಅದನ್ನು ನೋಡಿ ಎಂದು ಹೇಳಿ ಗಳಿಸಿದ ನಂಬಿಕೆ — ಅದನ್ನೆಲ್ಲ ಒಟ್ಟುಮಾಡಿ ನಾನು ನಿನ್ನ ಮೇಲೆ ಹಾಕಿದೆ.

ಮರುದಿನ ಸಂಜೆ ನಿನ್ನ ಕಟ್ಟೆಗೆ ಬಂದೆ. ಅಂಗಳ ಮತ್ತೊಮ್ಮೆ ತೊಳೆದಿತ್ತು, ಬರುವವರಿಗಾಗಿ ನೀನು ಬಾಗಿಲಿಗೆ ಹೊಸ ಪರದೆ ಹಾಕಿದ್ದೆ. ನಾನು ಫೋಟೋ ಕಳಿಸಿದ್ದೆ, ನೋಡಿದರಂತೆ, ಅವರಿಗೆ ಸೇರಲಿಲ್ಲವಂತೆ ಅಂದೆ. ನೀನು ಸೆರಗಿನಿಂದ ಕೈ ಒರಸಿಕೊಂಡು ನಕ್ಕೆ.

"ಹೋಗ್ಲಿ ಬಿಡ್ರಿ ಅಣ್ಣಾರ. ನನ್ನ ಸಲುವಾಗಿ ನೀವು ಬಾಯಿ ನೋಯಿಸ್ಕೊಂಡ್ರಿ. ದಿನಾ ಇದೇ ನೋಡೋ ಮಂದಿ ಅವರು, ಕಮ್ಮಿ ಇದ್ದದ್ದು ಕಂಡಿರಬೇಕು."

ಆ ಮೇಲೆ ನೀನು ಕೇಳಿದೆ, "ನಿನ್ನಿ ಯಾಕ ನಿಂದ್ರಲಿಲ್ಲ?" ಅಂಗಡಿಯಲ್ಲಿ ಗಿರಾಕಿ ಇದ್ದರು ಅಂದೆ. ಅದೂ ಸುಳ್ಳು.

ಅಲ್ಲಿಂದ ಹೊರಟವನನ್ನು ಖಾಜಾಮಾಮಾ ತಡೆದು ಕೂರಿಸಿದ. "ಏನ್ರಿ, ನಿನ್ನಿ ಭೂತ ಕಂಡವರಂಗ ಓಡಿದ್ರಿ? ಫರಶಿ ಒಣಗಿದ ಮ್ಯಾಲ ನೋಡಬೇಕಿತ್ತು ನೀವು. ಏನ್ ಬಿಡಿಸ್ಯಾಳ ಆಕಿ, ಯಾ ಅಲ್ಲಾ!"

ಕಲ್ಲು ಒಣಗಿದ ಹಾಗೆ ಅಪ್ಪನ ಹಿಂದೆ ಒಂದು ಬಂಡಿ ಮೂಡಿತಂತೆ. ಬಂಡಿಯಲ್ಲಿ ಕಲ್ಲು ಏರಿಸುವ ಇಬ್ಬರು. ಅವರ ಮುಂದೆ ಕಂದೀಲು ಹಿಡಿದು ನಿಂತವನು ಖಣಿಯ ಮಾಲಕನ ಅಳಿಯ. ನಮ್ಮ ಅಪ್ಪ ಕಲ್ಲು ಎತ್ತುತ್ತಿರಲಿಲ್ಲ. ಒಟ್ಟಿದ ಕಲ್ಲಿನ ಮರೆಯಲ್ಲಿ ಬಗ್ಗಿ, ಕೈಯೂರಿ, ಅವರನ್ನು ನೋಡುತ್ತಿದ್ದ. ಅಳಿಯನ ಕಳ್ಳತನ ಹಿಡಿದುಕೊಟ್ಟದ್ದಕ್ಕೇ ಅವನ ಮೇಲೆ ತಪ್ಪು ಹೊರಿಸಿ ಹೊರಗೆ ಹಾಕಿದರು — ಕತೆ ಅದು. ಕತೆಯಲ್ಲ, ನಡೆದದ್ದು. ಅಲ್ಲೇ ಹಮಾಲನಾಗಿದ್ದ ನಿಮ್ಮ ಅಪ್ಪ ಸಾಯುವ ಮುಂಚೆ ನಿನಗೆ ಹೇಳಿದ್ದನಂತೆ.

"ಇಡೀ ಓಣಿ ನೋಡ್ಯದ," ಅಂದ ಖಾಜಾಮಾಮಾ. "ಆ ಮೂಲಿ ಮನಿ ಮುದುಕಿ ಸೈತ ಅಂದಳು, 'ಹಂಗಾರ ಮುಕಾದಮ ಕಳ್ಳ ಅಲ್ಲ ಬಿಡು, ಸುಮ್ಮ ಅಂದ್ವಿ ಪಾಪ' ಅಂತ. ನಿಮ್ಮ ಅಪ್ಪಾರ ಹೆಸರು ತೊಳದಾಳ ಆಕಿ. ನಿಮಗ ತೋರಸಬೇಕಂತ ಎಷ್ಟು ದಿನದಿಂದ ಕಾಯಲಿಕತ್ತಿದ್ದಳು."

ಇಲ್ಲಿಗೆ ಮುಗಿದಿದ್ದರೆ ನನ್ನದು ಅವಸರದ ತಪ್ಪು ಅನ್ನಬಹುದಿತ್ತು. ಮುಗಿಯಲಿಲ್ಲ. ಹೈದರಾಬಾದಿನವರು ವಾಡಿಯಲ್ಲಿ ಇಳಿಯದೆ ನೇರ ಕಲಬುರಗಿಗೆ ಬಂದಿದ್ದರು, ಇನ್ನೂ ಅಲ್ಲೇ ಇದ್ದರು. ನಂಬರು ನನ್ನ ಫೋನಿನಲ್ಲಿತ್ತು. ತಪ್ಪಾಯಿತು, ಬನ್ನಿ ಎಂದು ಒಂದು ಮಾತು ಹೇಳಿದ್ದರೆ ಅವರು ಬರುತ್ತಿದ್ದರು. ನಾನು ಹೇಳಲಿಲ್ಲ. ಅವರು ಬಂದರೆ, ಫೋಟೋ ನೋಡೇ ಇಲ್ಲ ಅಂದರೆ, ನಿನ್ನ ಮುಂದೆ ನಾನು ಸುಳ್ಳನಾಗಿ ನಿಲ್ಲಬೇಕಿತ್ತು. ಅದೊಂದು ತಪ್ಪಿಸಿಕೊಳ್ಳಲು... ಹೌದು, ಅದೊಂದಕ್ಕೇ. ನೀನು ನನ್ನ ಅಪ್ಪನ ಹೆಸರು ಉಳಿಸಿದ ವಾರವೇ ನಾನು ನನ್ನ ಹೆಸರು ಉಳಿಸಿಕೊಳ್ಳಲು ನಿನ್ನದನ್ನು ಕೊಟ್ಟೆ.

ಆ ಮೇಲೆ ನೀನು ಬಿಡಿಸುವುದನ್ನು ನಿಲ್ಲಿಸಿದೆ. ಒಂದೇ ದಿನಕ್ಕಲ್ಲ. ಮೊದಲು ಕತೆ ಗಿಡ್ಡವಾಯಿತು, ಆಮೇಲೆ ವಾರಕ್ಕೊಮ್ಮೆಯಾಯಿತು, ಆಮೇಲೆ ಎಲ್ಲರ ಮನೆಯ ಹಾಗೆ ಚುಕ್ಕಿ ರಂಗೋಲಿ. ಓಣಿಯ ಮಕ್ಕಳು ಕೇಳಿದರೆ "ಕಮ್ಮಿ ಅದ ಅಂತ ಗೊತ್ತಾದ ಮ್ಯಾಲ ಯಾಕ ಮಾಡಬೇಕು?" ಅಂದೆಯಂತೆ. ಆದರೆ ಪ್ರತಿ ಎಳ್ಳಮಾವಾಸ್ಯೆಗೆ ನನ್ನ ಮನೆಗೆ ಸಜ್ಜೆರೊಟ್ಟಿ, ಭಜ್ಜಿ ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಈ ವರ್ಷ ಡಬ್ಬಿ ತಂದ ನಿನ್ನ ಮಗಳು ಹೇಳಿದಳು, "ಅವ್ವ ಅಂತಾಳ, ಆಕಿ ಸಲುವಾಗಿ ದೊಡ್ಡವರ ಮುಂದ ಮಾತಾಡಿದವರು ನೀವೊಬ್ಬರೇ ಅಂತ." ಆ ಡಬ್ಬಿಯನ್ನು ನಾನು ತೆರೆಯದೆ ಹಾಗೇ ಇಟ್ಟೆ, ಜಗದೇವಿ.

ಹೋದ ವಾರ ಹೈದರಾಬಾದಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಪುಸ್ತಕ ಎಂದೋ ಬಂದಾಗಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ಅವರು ಈಗಲೂ ಬಿಡಿಸುತ್ತಾರಾ?" ಎಂದಷ್ಟೇ ಕೇಳಿದರು. ಇಲ್ಲ, ಬಿಡಿಸಿದ್ದು ನಾನು ಅಂದೆ... ಏನು ಹೇಳಲಿಕ್ಕೆ ಹೋಗಿ ಏನು ಹೇಳಿದೆನೋ. ನಿಲ್ಲಿಸಿದ್ದು ನಾನು ಎಂದು ತಿದ್ದಿ ಹೇಳಿದೆ.

ಓದುಗರೇ, ಈ ಸಲ ನಾನು ನಿಮಗೆ ಯಾವ ಕಾದಂಬರಿಯನ್ನೂ ಸಿನಿಮಾವನ್ನೂ ಹೇಳುವುದಿಲ್ಲ. ನಾನು ಕಂಡ ಎಲ್ಲದಕ್ಕಿಂತ ದೊಡ್ಡದೊಂದು ನಿಮ್ಮ ಪಕ್ಕದ ಓಣಿಯಲ್ಲಿತ್ತು, ಅದು ನಿಮಗೆ ಸಿಗದ ಹಾಗೆ ಮಾಡಿದವನು ನಾನು. ಇನ್ನು ಮುಂದೆ ನನ್ನ ಮಾತನ್ನು ಎಷ್ಟು ನಂಬಬೇಕೋ ನೀವೇ ನೋಡಿ.

ಇದು ಅಚ್ಚಿಗೆ ಹೋಗುವ ಮುಂಚೆ, ನಾಳೆ ಬೆಳಿಗ್ಗೆ, ನಿನ್ನ ಮನೆಗೆ ಬಂದು ಓದಿ ಹೇಳುತ್ತೇನೆ. ಮಗಳೂ ಇರಲಿ, ಖಾಜಾಮಾಮಾನೂ ಇರಲಿ. ಕ್ಷಮೆ ಕೇಳಲು ಬರುತ್ತಿಲ್ಲ. ಮತ್ತೆ ಬಿಡಿಸು ಅನ್ನುವ ಹಕ್ಕಂತೂ ನನಗಿಲ್ಲ. ನೀನು ಅಷ್ಟು ವರ್ಷ ಹೊತ್ತ ಒಂದು ಮಾತನ್ನು ಇಳಿಸಿಕೊಳ್ಳಲು ಬರುತ್ತೇನೆ. ಕಮ್ಮಿ ಇತ್ತು ಅಂದುಕೊಂಡೆಯಲ್ಲ — ನಿನ್ನ ಕೈಯಲ್ಲಿ ಏನೂ ಕಮ್ಮಿ ಇರಲಿಲ್ಲ, ತಂಗಿ. ಇದ್ದದ್ದು ನನ್ನಲ್ಲಿ.