ಮೂರನೆಯ ಚರಣ

ಅಕ್ಕನಿಗೆ ಲಕ್ವ ಹೊಡೆದಾಗ ಬಲಗೈ ಬಿದ್ದುಹೋಯಿತು, ಜೊತೆಗೆ ಮಾತೂ ಹೋಯಿತು. ಕೈ ಹೋದರೆ ಹಾಳಾಗಲಿ, ಮಾತು ಯಾಕೆ ಹೋಗಬೇಕಿತ್ತು ಎಂದು ಆಸ್ಪತ್ರೆಯ ಕಾರಿಡಾರಿನಲ್ಲೇ ದೇವರ ಮೇಲೆ ಹರಿಹಾಯ್ದಿದ್ದೆ. ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿದ ಬಾಯಿ ಅದು. ಹಗಲೆಲ್ಲ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಟೈಪ್ ಮಾಡಿ ಬಂದು, ಸಂಜೆ ಚಾಪೆ ಹಾಸಿ ಪಾಠಕ್ಕೆ ಕೂರುತ್ತಿದ್ದಳು. ಮದುವೆ ಗಿದುವೆ ಗೊಡವೆಗೆ ಹೋದವಳಲ್ಲ. ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಟ್ಟ ಮೇಲೆ ದ್ವಾರಕಾದ ನಮ್ಮ ಫ್ಲಾಟಿಗೆ ಬಂದಳು, ತಂಬೂರಿಯ ಸಮೇತ.

ಅವಳ ಹತ್ತಿರ ಒಂದು ಕೃತಿ ಇತ್ತು. ರಚಿಸಿದವರು ಸಾಮಾನ್ಯರಲ್ಲ, ನಮ್ಮ ಕಡೆ ಸಂಗೀತ ಕಲಿಯುವ ಮನೆಗಳಲ್ಲಿ ಅವರ ಪಟಕ್ಕೆ ದಿನವೂ ಹೂವು ಬೀಳುತ್ತದೆ. ಆದರೆ ಈ ಕೃತಿಯನ್ನು ಮಾತ್ರ ಯಾರೂ ಹಾಡುವುದಿಲ್ಲ. ಪುಸ್ತಕಗಳಲ್ಲಿರುವುದು ಒಂದೇ ಚರಣ, ಅದೂ ಓಡುನಡೆಯಲ್ಲಿ. ಅಕ್ಕನ ಗುರುಗಳ ಪಾಠಾಂತರದಲ್ಲಿ ಮೂರು ಚರಣಗಳು, ನಡೆ ತೀರಾ ನಿಧಾನ. ಕಿವಿಯಿಂದಲೇ ಕಲಿಯಬೇಕು, ಬರೆದುಕೊಳ್ಳಕೂಡದು ಎಂಬುದು ಅವರ ಕಟ್ಟಳೆ. ಅಕ್ಕ ಅದನ್ನು ವರ್ಷಕ್ಕೊಮ್ಮೆ, ಗುರುಗಳ ತಿಥಿಯ ದಿನ, ಬಾಗಿಲು ಹಾಕಿಕೊಂಡು ಹಾಡುತ್ತಿದ್ದಳು. ಫೋನುಗಳನ್ನೆಲ್ಲ ಅಡುಗೆಮನೆಯಲ್ಲಿ ಇಟ್ಟು ಬರಬೇಕಿತ್ತು. ಕೇಳಿ ಕೇಳಿ ನನಗೆ ಪಲ್ಲವಿ, ಅನುಪಲ್ಲವಿ ಬಂದಿದ್ದವು. ಮೊದಲ ಚರಣ ಅಷ್ಟಿಷ್ಟು. ಎರಡನೆಯದರಲ್ಲಿ ನಡುನಡುವೆ ಒಂದೊಂದು ಮಾತು. ಮೂರನೆಯದು ಊಹೂಂ, ಏನೂ ಇಲ್ಲ.

ಕೊನೆಗೂ ಒಂದು ದಿನ ಸೊಪ್ಪು ಬಿಡಿಸುತ್ತಾ, "ಈ ವಿಜಯದಶಮಿಗೆ ನಿಂಗೆ ಅದರ ಪಾಠ ಶುರು ಮಾಡ್ತೀನಿ ಕಣೇ" ಎಂದಳು. ಹೊಸ ಪಾಠಕ್ಕೆ ಅದೇ ದಿನ ಆಗಬೇಕು, ಅದು ನಮ್ಮಲ್ಲಿ ನಡೆದುಬಂದದ್ದು. ಆ ವರ್ಷ ನವರಾತ್ರಿಯ ನಡುವೆಯೇ ಲಕ್ವ ಹೊಡೆಯಿತು.

ಮಾತಿನ ಚಿಕಿತ್ಸೆಗೆ ಬರುವ ಹುಡುಗಿ ಆಸೆ ಹುಟ್ಟಿಸಿದಳು. ಮಾತು ಕಳೆದುಕೊಂಡ ಕೆಲವರಿಗೆ ಹಾಡು ಉಳಿದಿರುತ್ತದಂತೆ. ಹಾಡಿನ ಬೆನ್ನು ಹತ್ತಿ ಮಾತೂ ಬಂದದ್ದುಂಟಂತೆ. ಸರಿ, ದಾಸರ ಪದ ಹಾಡಿದೆ, ಮಂಗಳ ಹಾಡಿದೆ, ಮಕ್ಕಳಿಗೆ ಹೇಳಿಕೊಡುವ ಗೀತೆಗಳನ್ನೆಲ್ಲ ಹಾಡಿದೆ. ಅಕ್ಕನ ತುಟಿ ಅಲುಗಲಿಲ್ಲ. ನನ್ನ ಗಂಟಲು ಕಟ್ಟಿತೇ ಹೊರತು ಅವಳದು ಬಿಡಲಿಲ್ಲ. ಅವಳ ಜೀವಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದನ್ನು ಕೇಳಿಸಿ ಎಂದಳು ಆ ಹುಡುಗಿ. ಅರೆಬರೆ ಕಲಿತ ನಾನು ಅದನ್ನು ಎಲ್ಲಿಂದ ತರಲಿ?

ಹೋದ ಚಳಿಗಾಲದಲ್ಲಿ ವಾಟ್ಸಾಪಿಗೆ ಒಂದು ಕರಪತ್ರ ಬಂತು. ದಕ್ಷಿಣದಿಂದ ಬರುವ ಯುವ ವಿದುಷಿಯೊಬ್ಬರು ಭಾನುವಾರ ಬೆಳಗಿನ ಕಚೇರಿಯಲ್ಲಿ ಅದೇ ಕೃತಿಯನ್ನು ಹಾಡುವವರಿದ್ದರು. ಅಕ್ಕನಿಗೆ ತೋರಿಸಿದೆ. ಓದಿದಳೋ ಇಲ್ಲವೋ, ಫೋನನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದಳು.

ಆ ಭಾನುವಾರ ಹೊರಗೆ ಕಣ್ಣುರಿಸುವ ಹೊಗೆಮಂಜು. ಹೊರಡುವುದೇ ಬೇಡ ಎಂದು ಮಗಳ ರಾಗ. ಬಾಯಿ ಮುಚ್ಚಿಕೊಂಡು ಗಾಲಿಕುರ್ಚಿ ಮಡಿಸು ಎಂದೆ. ನನ್ನ ಸಿಟ್ಟು ಗೊತ್ತಿದ್ದವಳು, ಮಡಿಸಿದಳು. ದೆಹಲಿಯ ಶ್ರೋತೃಗಳ ವಿಷಯ ಕೇಳಬೇಡಿ, ಅರ್ಧ ಜನ ಕ್ಯಾಂಟೀನಿನ ಇಡ್ಲಿಗಾಗಿಯೇ ಬಂದಿರುತ್ತಾರೆ. ಅಕ್ಕನ ಕುರ್ಚಿಯನ್ನು ಮೊದಲ ಸಾಲಿನ ತುದಿಗೆ ನಿಲ್ಲಿಸಿ, ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಬಿಡಿ ಕುರ್ಚಿ ಎಳೆದುಕೊಂಡು ಮಗಳು ಕೂತೆವು.

ವಿದುಷಿ ಪಲ್ಲವಿ ಎತ್ತಿಕೊಂಡರು. ಚೆನ್ನಾಗಿಯೇ ಹಾಡಿದರು, ಆಕೆಯನ್ನು ದೂರುವಂತಿಲ್ಲ. ನಾನು ಮಾತ್ರ ವೇದಿಕೆಯ ಕಡೆ ನೋಡಲೇ ಇಲ್ಲ. ಅಕ್ಕನ ತುಟಿಯ ಮೇಲೆಯೇ ಕಣ್ಣಿಟ್ಟಿದ್ದೆ. ಒಂದು ಸ್ವರ, ತಾಯೀ, ಒಂದೇ ಒಂದು ಸ್ವರ ಎಂದು ಬೇಡಿಕೊಳ್ಳುತ್ತಿದ್ದೆ. ತುಟಿ ಕಲ್ಲಿನಂತಿತ್ತು. ಆದರೆ ಎಡಗೈ ಮೇಲೆದ್ದಿತು. ತೊಡೆಯ ಮೇಲೆ ಪೆಟ್ಟು ಬಿತ್ತು, ಆಮೇಲೆ ಕಿರುಬೆರಳು, ಉಂಗುರದ ಬೆರಳು. ಅಕ್ಕ ತಾಳ ಹಾಕುತ್ತಿದ್ದಳು! ಲಕ್ವ ಹೊಡೆದ ಮೇಲೆ ಅದೇ ಮೊದಲು.

ಸ್ವಲ್ಪ ಹೊತ್ತಿನಲ್ಲೇ ಮಗಳು ನನ್ನತ್ತ ಬಾಗಿದಳು. "ಅಮ್ಮಾ, ದೊಡ್ಡಮ್ಮಂದು ತಾಳ ಗಲತ್ ಹೋಗ್ತಿದೆ."

ನಿಜ. ವೇದಿಕೆಯ ಮೇಲಿನವರು ಪೆಟ್ಟಿಗೆ ಪೆಟ್ಟು ಮುಂದೆ ಓಡುತ್ತಿದ್ದರು, ಅಕ್ಕನ ಕೈ ಹಿಂದೆ ಬಿದ್ದಿತ್ತು. ಪಕ್ಕದ ಸಾಲಿನ ಮಾಮಾ ಒಬ್ಬರು ತಿರುಗಿ ನೋಡಿ ಲೊಚಗುಟ್ಟಿದರು. ಚಿಕ್ಕಂದಿನಲ್ಲಿ ತಾಳ ತಪ್ಪಿದಾಗಲೆಲ್ಲ ಅಕ್ಕ ಮಗಳ ಮಣಿಕಟ್ಟು ಹಿಡಿದು ಸರಿಯಾಗಿ ಹಾಕಿಸುತ್ತಿದ್ದಳು. ಪಾಪ, ಮಗಳು ಈಗ ಅದನ್ನೇ ಮಾಡಹೋದಳು. ದೊಡ್ಡಮ್ಮನ ಮಣಿಕಟ್ಟು ಹಿಡಿದು ವೇದಿಕೆಯ ತಾಳಕ್ಕೆ ಕೂಡಿಸಿದಳು. ಅಕ್ಕ ಕೈ ಕಿತ್ತುಕೊಂಡ ರಭಸಕ್ಕೆ ಕುರ್ಚಿಯೇ ಅಲುಗಿತು. ಮಗಳನ್ನು ಅವಳು ಎಂದೂ ಹಾಗೆ ನೋಡಿದವಳಲ್ಲ. ಕಣ್ಣು ಮುಚ್ಚಿ, ಬಿಟ್ಟ ಅಕ್ಷರದಿಂದಲೇ ಮತ್ತೆ ಎತ್ತಿಕೊಂಡಳು. ಒಂದೊಂದು ಪೆಟ್ಟನ್ನೂ ಎರಡೆರಡು ಸಲ ಹಾಕುತ್ತಿದ್ದಳು.

ಆಗ ನನಗೆ ಹೊಳೆಯಿತು. ತಾಳ ತಪ್ಪಿರಲಿಲ್ಲ. ಅದು ಗುರುಗಳ ನಿಧಾನದ ನಡೆ. ವೇದಿಕೆಯ ಹಾಡನ್ನು ಅಕ್ಕ ಆಗಲೇ ಕೈಬಿಟ್ಟಿದ್ದಳು. ಒಳಗೆ ತನ್ನದನ್ನೇ ಹಾಡಿಕೊಳ್ಳುತ್ತಿದ್ದಳು.

"ಅವಳನ್ನ ಮುಟ್ಟಬೇಡ" ಎಂದೆ ಮಗಳಿಗೆ. ಈ ಸಲ ಸಿಟ್ಟಿನಿಂದಲ್ಲ.

ವೇದಿಕೆಯ ಮೇಲೆ ಒಂದು ಚರಣ ಮುಗಿದು ಚಪ್ಪಾಳೆ ಬಿತ್ತು. ಮೃದಂಗದ ಸರದಿ, ತನಿ ಆವರ್ತನ ಶುರುವಾಗುತ್ತಲೇ ಎಂದಿನಂತೆ ಜನ ಕ್ಯಾಂಟೀನಿಗೆ ಎದ್ದರು. ಮೃದಂಗದವರು ತಮ್ಮ ಪಾಡಿಗೆ ನುಡಿಸುತ್ತಿದ್ದರು. ಅಕ್ಕನ ಎಡಗೈ ತನ್ನ ಪಾಡಿಗೆ ನಡೆದೇ ಇತ್ತು. ನಾನು ಕಿವಿ ಮುಚ್ಚಿಕೊಂಡು ಅವಳ ಬೆರಳುಗಳನ್ನೇ ನೋಡುತ್ತಾ ಮನಸ್ಸಿನಲ್ಲಿ ಜೊತೆಗೂಡಿದೆ. ಅನುಪಲ್ಲವಿ ಕೂಡಿತು, ಮೊದಲ ಚರಣ ಎಡವುತ್ತಾ ಕೂಡಿತು. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು ಮಾತು ಸಿಕ್ಕಿತು, ಆಮೇಲೆ ಅದೂ ಇಲ್ಲ. ಅಕ್ಕ ನಿಲ್ಲಲಿಲ್ಲ. ಪೆಟ್ಟು, ಬೆರಳು, ಬೀಸು. ಅವಳ ಎದೆ ಏರಿಳಿಯುತ್ತಿತ್ತು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದು ಸಹ ಕಾಣುತ್ತಿತ್ತು. ಎಲ್ಲ ಇದೆ, ಒಂದಕ್ಷರ ಮಾಸಿಲ್ಲ, ಆದರೆ ಬರುವುದಕ್ಕೆ ದಾರಿಯಿಲ್ಲ. ಅಷ್ಟು ಹೊತ್ತು ಹಾಡಲಿ ಎಂದು ಬೇಡಿಕೊಂಡವಳು, ಮರೆತೇ ಹೋಗಿದ್ದರೆ ಎಷ್ಟೋ ವಾಸಿಯಿತ್ತಲ್ಲ ಎಂದುಕೊಂಡೆ.

ಕೊನೆಗೆ ಕೈ ತೊಡೆಯ ಮೇಲೆ ಇಳಿದು ನಿಂತಿತು. ಕಣ್ಣು ತೆರೆದಳು. ಹಣೆಯ ಮೇಲೆ ಬೆವರಿತ್ತು.

"ಅಕ್ಕಾ, ಮುಗೀತಾ?" ಎಂದೆ.

ಹೌದೆಂದು ತಲೆಯಾಡಿಸಿದಳು. ಮೂರನೆಯ ಚರಣವನ್ನು ಪೂರ್ತಿ ಹಾಡಿ ಮುಗಿಸಿದ್ದಳು. ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದ ನನಗೆ ಅದರ ಒಂದು ಸ್ವರವೂ ಕೇಳಿಸಲಿಲ್ಲ.