ಅಂದಾಜು ಮೇಷ್ಟ್ರ ಜ್ವರದ ನಕ್ಷೆ

ಆರೋಗ್ಯ ಕಚೇರಿಯ ಮೇಲಿನ ಮಹಡಿಯಲ್ಲಿ, ಕೆಟ್ಟು ನಿಂತ ಜೆರಾಕ್ಸ್ ಯಂತ್ರದ ಮಗ್ಗುಲಿಗೆ ಒಂದು ಇಕ್ಕಟ್ಟಾದ ಕೋಣೆ. ಯಾವ ಬಡಾವಣೆಗೆ ಜ್ವರ ಯಾವಾಗ ಕಾಲಿಡುತ್ತದೆ ಎಂದು ಅಲ್ಲಿ ಕೂತು ಮೊದಲೇ ಹೇಳುವುದು ಅಂದಾಜು ಮೇಷ್ಟ್ರ ಕೆಲಸ. ಹಿಂದೆ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದುದರಿಂದ ಮೇಷ್ಟ್ರು. ಅದರ ಮುಂದಿನ ಅಂದಾಜು ಎಂಬ ಮಾತು ಸಹೋದ್ಯೋಗಿಗಳ ಉಡುಗೊರೆ. ಅದನ್ನು ಕೇಳಿ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಕಣ್ಣೆದುರಿಗೆ ಬರುವ ಬಸ್ಸನ್ನೇ ಹಿಡಿಯಲಾಗದವನು ಮುಂದಿನ ತಿಂಗಳ ಜ್ವರವನ್ನು ಹಿಡಿಯಲು ಹೊರಟಿದ್ದೇನೆ ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು.

ಊರೆಂದರೆ ಅವರಿಗೆ ಮೂರು ಡಬ್ಬಿ: ಜ್ವರ ಬರಬಹುದಾದವರು, ಬಂದವರು, ಬಂದು ವಾಸಿಯಾದವರು. ಜನ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಎಷ್ಟು ಬೇಗ ಜಾರುತ್ತಾರೆ ಎಂಬುದೇ ಲೆಕ್ಕ. ಯಾರು ಯಾರ ಜೊತೆ ಎಷ್ಟು ಹೊತ್ತು ಕೂರುತ್ತಾರೆ ಎಂಬುದು ತಿಳಿಯದೆ ಆ ಲೆಕ್ಕ ಮುಂದೆ ಹೋಗದು. ಅದಕ್ಕಾಗಿ ಮೇಷ್ಟ್ರು ಊರಿನ ಆಸ್ಪತ್ರೆಗಳನ್ನೆಲ್ಲ ಸುತ್ತಿ, ಕೆಮ್ಮುವವರ ಬೆಂಚಿನಲ್ಲೇ ಜಾಗ ಮಾಡಿಕೊಂಡು ಕೂತು, ಅವರಿವರನ್ನು ಮಾತಾಡಿಸಿ ಬರುತ್ತಿದ್ದರು.

ಆ ಚಳಿಗಾಲದಲ್ಲಿ ಜ್ವರ ಊರು ತುಂಬ ಹಬ್ಬಿದಾಗ ಮೇಷ್ಟ್ರ ಜೀವವೆಲ್ಲ ಅಕ್ಕನ ಮೇಲೆ. ಅಮ್ಮ ತೀರಿಕೊಂಡ ಮೇಲೆ ಅವರನ್ನು ಎತ್ತಿ ಆಡಿಸಿ, ಬೈದು ಓದಿಸಿದವಳು ಅವಳು. ಈಗ ಶ್ವಾಸಕೋಶದ ಆಪರೇಷನ್ ಮಾಡಿಸಿಕೊಂಡು ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದಳು. ಈ ಜ್ವರ ತಗುಲಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಹಾಕಿಕೊಂಡು ಸುಮ್ಮನಿರುತ್ತಿದ್ದರು. ನಮ್ಮ ಮೇಷ್ಟ್ರು ಮನೆಗೂ ಒಂದು ಜ್ವರದ ನಕ್ಷೆ ಬರೆಯಲು ಕೂತರು.

ಹಾಲಿನವನು, ಪೇಪರಿನವನು, ಬ್ಯಾಂಕಿಗೆ ಹೋಗಿಬರುವ ಹೆಂಡತಿ, ಹೀಗೆ ತಲೆಗೊಂದು ಚುಕ್ಕೆ. ಪ್ರತಿ ಚುಕ್ಕೆಯಿಂದ ಅಕ್ಕನ ಹಾಸಿಗೆಗೆ ಒಂದು ಗೆರೆ. ಎಲ್ಲಕ್ಕಿಂತ ದಪ್ಪನೆಯ ಗೆರೆ ಪಕ್ಕದ ಮನೆಯ ಟೈಲರಮ್ಮನದು. ಊರವರ ಅಳತೆ ತೆಗೆದುಕೊಂಡು, ಊರವರ ಸುದ್ದಿಯನ್ನೂ ತೆಗೆದುಕೊಂಡು, ಮಧ್ಯಾಹ್ನ ಬಂದು ಅಕ್ಕನ ಜೊತೆ ಇಸ್ಪೀಟು ಆಡುವುದು ಆಕೆಯ ಅಭ್ಯಾಸ. ಮೇಷ್ಟ್ರು ಆಕೆಯ ಮನೆಗೇ ಹೋಗಿ, ನಕ್ಷೆ ಬಿಡಿಸಿ ತೋರಿಸಿ, ಸದ್ಯಕ್ಕೆ ಬರಬೇಡಿ ಎಂದರು. ಟೈಲರಮ್ಮ ನಕ್ಷೆಯನ್ನೂ ಮೇಷ್ಟ್ರನ್ನೂ ಮೇಲಿಂದ ಕೆಳಗೆ ನೋಡಿ ಬಾಗಿಲು ಹಾಕಿಕೊಂಡಳು. ಹೆಂಡತಿಗೂ ಊಟದ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಬರುವಂತೆ ಅಪ್ಪಣೆಯಾಯಿತು. ಅಪಾಯ ಸೊನ್ನೆಯ ಹತ್ತಿರಕ್ಕೆ ಇಳಿದದ್ದು ಕಂಡು ಮೇಷ್ಟ್ರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಅಕ್ಕನಿಗೆ ಬೇಸರವಾಗಬಾರದಲ್ಲ? ಆದ್ದರಿಂದ ಸಂಜೆ ಆಸ್ಪತ್ರೆಗಳ ಸುತ್ತಾಟ ಮುಗಿಸಿ ನೇರ ಅವಳ ಕೋಣೆಗೆ ಬಂದು, ಹಾಸಿಗೆಯ ಅಂಚಿನಲ್ಲಿ ಕೂತು ಇಸ್ಪೀಟಿನ ಎಲೆ ಹಂಚುತ್ತಿದ್ದರು. ಮೂಗು ಸ್ವಲ್ಪ ಕಟ್ಟಿತ್ತು, ಕೆಮ್ಮೂ ಇತ್ತು. ಕಚೇರಿಯ ಧೂಳು ಎಂದುಕೊಂಡರು.

ಅಕ್ಕನಿಗೆ ಜ್ವರ ಬಂದೇ ಬಂತು. ಅವಳನ್ನು ಒಳಗೆ ಕರೆದೊಯ್ದ ಮೇಲೆ ಮೇಷ್ಟ್ರು ಆಸ್ಪತ್ರೆಯ ಬೆಂಚಿನಲ್ಲಿ ನಕ್ಷೆ ಹರಡಿಕೊಂಡು ಕಳ್ಳನನ್ನು ಹುಡುಕಿದರು. ಟೈಲರಮ್ಮ ಕಿಟಕಿಯಿಂದ ಮಾತಾಡಿಸಿರಬೇಕು ಎಂದು ಹಲ್ಲು ಕಡಿದರು. ಹಾಲಿನವನ ಮೇಲೂ ಅನುಮಾನವಾಯಿತು. ಎಲ್ಲರನ್ನೂ ಮನಸ್ಸಿನಲ್ಲೇ ಗಲ್ಲಿಗೇರಿಸಿದ ಮೇಲೆ, ಚುಕ್ಕೆಗಳ ನಡುವೆ ತಮ್ಮದೇ ಇಲ್ಲದ್ದು ಕಣ್ಣಿಗೆ ಬಿತ್ತು. ಎಣಿಸುವವನನ್ನು ಎಣಿಕೆಗೆ ಸೇರಿಸದಿರುವುದು ಅವರ ಕಚೇರಿಯ ರೂಢಿ. ಲಕ್ಷಾಂತರ ಜನರ ಊರಿನಲ್ಲಿ ಒಬ್ಬ ಬಿಟ್ಟುಹೋದರೆ ಏನೂ ಆಗದು. ಮೂರು ಜನರ ಮನೆಗೂ ಈ ಮಹಾಪಂಡಿತ ಅದೇ ರೂಢಿಯನ್ನು ಹೊತ್ತು ತಂದಿದ್ದ. ಮೇಷ್ಟ್ರಿಗೆ ಜೋರಾಗಿ ನಗು ಬಂತು. ನರ್ಸು ಗದರಿದ ಮೇಲೂ ನಿಲ್ಲಲಿಲ್ಲ. ಅಕ್ಕ ಸತ್ತರೆ ಕೊಂದವನು ನಾನೇ ಎಂದು ತೋಚಿದಾಗ ಮಾತ್ರ ನಿಂತಿತು.

ಅಕ್ಕ ಗಟ್ಟಿ ಹೆಂಗಸು, ಬದುಕಿಕೊಂಡಳು. ಮಾತಾಡಬಹುದು ಎಂದು ಡಾಕ್ಟರು ಹೇಳಿದ ದಿನ ಮೇಷ್ಟ್ರು ಮಾಸ್ಕು ಬಿಗಿದುಕೊಂಡು ವಾರ್ಡಿನ ಬಾಗಿಲಲ್ಲೇ ನಿಂತು, ಜ್ವರ ತಂದವನು ತಾನೇ ಎಂದು ಒಪ್ಪಿಕೊಂಡರು.

"ನಂಗೊತ್ತಿತ್ತು ಕಣೋ," ಎಂದಳು ಅಕ್ಕ. "ಮೊದಲನೇ ದಿನಾನೇ ನಿನ್ನ ಮೂಗು ಸೊರಸೊರ ಅಂತಿತ್ತು."

ಗೊತ್ತಿದ್ದೂ ಯಾಕೆ ಬಾಯಿಬಿಡಲಿಲ್ಲ ಎಂದು ಮೇಷ್ಟ್ರು ರೇಗಿದರು. ಅಕ್ಕ ಉಸಿರು ಎಳೆದುಕೊಂಡು ಹೇಳಿದಳು.

"ನೀನು ಎಲ್ಲರನ್ನೂ ಓಡಿಸಿಬಿಟ್ಟಿದ್ದೆ. ನಿಂಗೂ ಬರಬೇಡ ಅಂದಿದ್ರೆ, ಆ ಕೋಣೇಲಿ ನಂಗೆ ಯಾರಿರ್ತಿದ್ರು?"

ಮೇಷ್ಟ್ರು ಬಾಗಿಲ ಹತ್ತಿರವೇ ನಿಂತು, ಮಾಸ್ಕಿನೊಳಗೆ ಬಿಕ್ಕಿಬಿಕ್ಕಿ ಅತ್ತರು.