ಮಗ್ಗದ ಮೇಲಿನ ಬಾಣಂತಿ

ಬೆಟಗೇರಿಗೆ ಸೊಸೆಯಾಗಿ ಬಂದ ಮೊದಲ ವಾರ ನನಗೆ ಊಟ ನಿದ್ದೆಗಿಂತ ಹೆಚ್ಚಾಗಿ ಬೇಕೆನಿಸಿದ್ದು ಸದ್ದಿಲ್ಲದ ಒಂದು ಗಳಿಗೆ. ತವರು ಮುಳಗುಂದದಲ್ಲಿ ಅಪ್ಪನದು ಕಿರಾಣಿ ಅಂಗಡಿ. ಅಲ್ಲಿ ತಕ್ಕಡಿಯ ಸದ್ದೇ ದೊಡ್ಡದು. ಇಲ್ಲಿ ಬೆಳಗು ಹರಿಯುವುದೇ ತಡ, ಮಾವನವರು ಪಡಸಾಲೆಯ ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತರೆಂದರೆ ಲಾಳಿ ಆಚೆಗೊಮ್ಮೆ ಈಚೆಗೊಮ್ಮೆ ಓಡುವ ಸದ್ದು, ಹಲಗೆ ಬಡಿಯುವ ಸದ್ದು, ಕತ್ತಲಾಗುವ ತನಕ.

ಇಂಥ ಗದ್ದಲದ ಮನೆಗೆ ತಾನಾಗಿ ಬಂದು ನೆಲೆಸಿದವಳು ಒಂದು ಹೆಣ್ಣು ಗುಬ್ಬಿ.

ಮಾಳಿಗೆಯ ಬೆಳಕಿಂಡಿಯಿಂದ ಒಳಗೆ ಬರುವ ಜೀವಗಳಿಗೆ ಆ ಮನೆಯಲ್ಲಿ ಲೆಕ್ಕವಿರಲಿಲ್ಲ. ಬಾವಲಿ ಬರುತ್ತಿತ್ತು, ಪಾತರಗಿತ್ತಿ ಬರುತ್ತಿತ್ತು. ದೇವರ ಪಟದ ಹಿಂದೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅತ್ತೆ ಯಾವುದನ್ನೂ ಹೊಡೆಯಗೊಡುತ್ತಿರಲಿಲ್ಲ. ಆದರೆ ಈ ಗುಬ್ಬಿ ಮೂಲೆ ಸಂದಿ ಹುಡುಕಲಿಲ್ಲ. ಮಗ್ಗದ ಹಲಗೆ ತೂಗುಬಿದ್ದಿದ್ದ ಅಡ್ಡತೊಲೆಯ ಮೇಲೆಯೇ ಗೂಡು ಕಟ್ಟಿತು. ಪ್ರತಿ ಏಟಿಗೂ ಆ ತೊಲೆ ಅದುರುತ್ತಿತ್ತು. ಹುಲ್ಲಿನ ಜೊತೆ ನಮ್ಮ ಮಗ್ಗದಿಂದ ಕತ್ತರಿಸಿ ಬಿದ್ದ ರೇಷ್ಮೆ ಎಳೆಗಳನ್ನೂ ಹೆಕ್ಕಿ ಒಯ್ದು ಹೆಣೆದಿತ್ತು. ಕೆಳಗಿನಿಂದ ನೋಡಿದರೆ ಗೂಡಿಗೆ ಕೆಂಪು ಅಂಚು ಹಾಕಿದ ಹಾಗೆ ಕಾಣುತ್ತಿತ್ತು.

ಆ ಕೆಂಪು ನನ್ನ ನಾದಿನಿಯ ಧಾರೆ ಸೀರೆಯದು. ಮಗಳು ಧಾರೆಗೆ ನಿಲ್ಲುವ ಸೀರೆಯನ್ನು ತಂದೆಯೇ ತನ್ನ ಮಗ್ಗದಲ್ಲಿ ನೇಯಬೇಕು, ಕೊಂಡು ತರಬಾರದು. ಇದು ಆ ಮನೆತನದ ಪದ್ಧತಿ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಕನ್ನಡ ನಾಡು ಇನ್ನೂ ಒಂದಾಗಿರಲಿಲ್ಲ. ಒಳ್ಳೆಯ ನೂಲು ಸಿಗುವುದು ದುಸ್ತರವಾಗಿದ್ದ ಕಾಲ. ಹಾಗೂ ಹೀಗೂ ಒಂದೇ ಒಂದು ಸೀರೆಗಾಗುವಷ್ಟು ನೂಲು ಕೂಡಿಸಿ, ಬದನೆಕಾಯಿ ಬಣ್ಣದ ಒಡಲು, ಕೆಂಪು ದಡಿ ಎಂದು ಮಾವನವರು ಉದ್ದೆಳೆಗಳ ಹಾಸು ಹೂಡಿದ್ದರು. ಮದುವೆಗೆ ಶಿರಹಟ್ಟಿಯ ಬೀಗರು ಬರಲು ಇಪ್ಪತ್ತು ದಿನ ಉಳಿದಿತ್ತು, ಸೀರೆ ಅರ್ಧಕ್ಕೆ ಬಂದಿತ್ತು. ಆಗ ಮೇಲಿನಿಂದ ಒಂದು ಮೊಟ್ಟೆ ಉರುಳಿ ಬಂದು ಹಾಸಿನ ಎಳೆಗಳ ಮೇಲೆ ಒಡೆಯಿತು.

ಮಾವನವರ ಕೈ ಲಾಳಿ ಓಡಿಸುವ ಹಗ್ಗದ ಮೇಲೆಯೇ ನಿಂತುಬಿಟ್ಟಿತು. ಒದ್ದೆ ಅರಿವೆಯಿಂದ ಎಳೆ ಎಳೆಯಾಗಿ ಒರೆಸಿದರು. ಕುಣಿಯಿಂದ ಎದ್ದು ತೊಲೆಯ ಕಡೆ ನೋಡಿ ಎರಡೂ ಕೈ ಹಣೆಗೆ ಹಚ್ಚಿಕೊಂಡರು.

"ಮನ್ಯಾಗ ಬಾಣಂತಿ ಅದಾಳ. ನಾ ಕುಂತು ಬಡ್ಯಾಕತ್ತೀನಿ. ಆಕಿ ಮಕ್ಕಳು ಹಾರಿ ಹೋಗೂತನಾ ಈ ಮಗ್ಗ ಮುಟ್ಟಾಂಗಿಲ್ಲ," ಅಂದರು.

ನಾದಿನಿ ಅಡುಗೆಮನೆಯಿಂದ ಓಡಿ ಬಂದಳು. "ಅಪ್ಪಾ, ಅಷ್ಟರಾಗ ನನ್ನ ಮದವಿ ಆಗಿ ಹೋಗಿರತೈತಿ! ನಾ ಏನು ಉಟ್ಟುಕೊಂಡು ನಿಂದರ್ಲಿ?"

"ಬ್ಯಾರೆ ಸೀರಿ ಉಟಗೋಬೇಕಾಗತೈತೇನೋ ಯವ್ವಾ."

"ನಿಮಗ ಮಗಳು ಹೆಚ್ಚೋ, ಗುಬ್ಬಿ ಹೆಚ್ಚೋ?"

ಮಾವನವರು ಲಾಳಿಯನ್ನು ಎತ್ತಿ ಬುಟ್ಟಿಯಲ್ಲಿಟ್ಟರು. ಅರ್ಧ ನೇಯ್ದ ಹಾಸನ್ನು ಕಿತ್ತು ಬೇರೆ ಮಗ್ಗಕ್ಕೆ ಏರಿಸುವುದು ಆಗದ ಮಾತು ಎಂದು ಆಕೆಗೂ ಗೊತ್ತಿತ್ತು. ಅವತ್ತು ಅವಳು ಊಟ ಮಾಡಲಿಲ್ಲ.

ನಮ್ಮ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದ ಸಾಹೇಬರು ಮರುದಿನ ಬಾಗಿಲಲ್ಲಿ ನಿಂತು ನಕ್ಕರು. "ಏನ್ರೀ ಅಣ್ಣಾರ, ಕರ್ನಾಟಕ ಒಂದಾಗೂದು ಮೊದಲೋ, ನಿಮ್ಮ ಸೀರಿ ಮುಗಿಯೂದು ಮೊದಲೋ?"

"ನೀವೇ ಆ ಗುಬ್ಬೀನ ಕೇಳ್ರಿ ಸಾಹೇಬ್ರ," ಎಂದರು ಅತ್ತೆ. ಅವರ ದನಿಯಲ್ಲಿ ನಗು ಇರಲಿಲ್ಲ.

ಮೂರು ದಿನ ಮನೆ ಬಾಣಂತಿಕೋಣೆಯಷ್ಟು ಮೌನ. ನಾನು ಬಂದಾಗಿನಿಂದ ಬಯಸಿದ್ದ ಮೌನ ಸಿಕ್ಕಿತ್ತು, ಆದರೆ ನನಗೇ ಅದು ಹಿಡಿಸಲಿಲ್ಲ. ಗುಬ್ಬಿಗೂ ಹಿಡಿಸಲಿಲ್ಲ. ಗೂಡಿನಲ್ಲಿ ಕೂರುವುದು, ಏಳುವುದು, ಬೆಳಕಿಂಡಿಗೆ ಹೋಗಿ ಇಣುಕುವುದು. ಮೂರನೆಯ ದಿನ ಮಧ್ಯಾಹ್ನ ನಾನು ರಾಟೆಯ ಮುಂದೆ ತೂಕಡಿಸುತ್ತಿದ್ದೆ. ಗಂಡು ಗುಬ್ಬಿ ಒಮ್ಮೆಲೇ ಚೀರತೊಡಗಿತು. ಕಣ್ಣು ಬಿಟ್ಟರೆ, ನಮ್ಮ ಮನೆಯ ಬೆಕ್ಕು ಮಗ್ಗದ ಕಂಬ ಹಿಡಿದು ಹತ್ತಿ ತೊಲೆಗೆ ಇನ್ನೊಂದು ಮೊಳ ದೂರದಲ್ಲಿತ್ತು. ಕೈಗೆ ಸಿಕ್ಕ ಮೊರ ಬೀಸಿದೆ. ಬೆಕ್ಕು ಜಿಗಿಯಿತು, ಜಿಗಿದದ್ದು ನೇರ ಹಾಸಿನ ಮೇಲೆ. ನಾಲ್ಕೂ ಉಗುರು ಊರಿ ಕಿತ್ತುಕೊಂಡು ಓಡಿತು. ಹಿಡಿಯಷ್ಟು ಎಳೆಗಳು ಪಟಪಟನೆ ಹರಿದು ಜೋತುಬಿದ್ದವು.

ನಾದಿನಿ ಬಂದು ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಮಗ್ಗದ ಪಕ್ಕ ಕುಳಿತು ಹರಿದ ಎಳೆಗಳನ್ನು ಎಣಿಸತೊಡಗಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು ತೊಲೆಯನ್ನೇ ಬಹಳ ಹೊತ್ತು ನೋಡಿದರು. "ರೀ, ಈ ಬೆಕ್ಕು ಮನಿಗೆ ಬಂದು ಎಷ್ಟು ವರ್ಷಾತು?"

"ನಾಕು."

"ನಾಕು ವರ್ಷದಾಗ ಹಗಲೊತ್ತಿನ್ಯಾಗ ಎಂದಾರ ಮಗ್ಗದ ಹತ್ರ ಸುಳದೈತೇನ್ರೀ? ರಾತ್ರಿ ಅದನ್ನ ಅಡಗಿಮನ್ಯಾಗ ಇಲಿ ಕಾಯಾಕ ಕೂಡಿ ಹಾಕತೀವಿ. ಹಗಲು ಸಪ್ಪಳಕ್ಕ ಹೆದರಿ ಓಣ್ಯಾಗ ಇರತೈತಿ. ಈ ಬಾಣಂತಿ ಅದನ್ನ ನೋಡೇ ಇಲ್ಲಿ ಮನಿ ಕಟ್ಯಾಳ. ನಿಮ್ಮ ಸಪ್ಪಳಾ ನಂಬಿ ಬಂದಾಳ್ರೀ. ನೀವು ಆಕೀಗೆ ಉಪಕಾರ ಮಾಡತೀನಂತ ಕಾವಲು ತಗದೀರಿ."

ಮಾವನವರು ಮಗ್ಗದ ಕಡೆ ನೋಡಿದರು, ಗೂಡಿನ ಕಡೆ ನೋಡಿದರು. "ಅಬ್ಬಾ, ಇಷ್ಟಗಲ ತಲಿಯೊಳಗ ಎಂಥಾ ಲೆಕ್ಕಾ!" ಎಂದು ಹೆಬ್ಬೆರಳಿನ ತುದಿ ತೋರಿಸಿದರು.

ಮನುಷ್ಯರ ಬಾಣಂತಿಗೆ ಮಾಡುವ ಉಪಚಾರವನ್ನು ಗುಬ್ಬಿಗೂ ಮಾಡಲು ಹೋಗಿದ್ದೆವು. ಸದ್ದಿನ ನಡುವೆ ನಿಶ್ಚಿಂತೆ ಇರುತ್ತದೆಂದು ನಮಗೆ ಹೊಳೆಯಲಿಲ್ಲ, ಹಕ್ಕಿಗೆ ಹೊಳೆದಿತ್ತು. ಇವತ್ತಿಗೂ ಅದನ್ನು ನೆನೆದರೆ ನನಗೆ ಸೋಜಿಗ.

ಸುದ್ದಿ ತಿಳಿದ ಸಾಹೇಬರು ಅದೇ ಬಣ್ಣದ ಪಾತ್ರೆಯಲ್ಲಿ ಅದ್ದಿ ಉಳಿದಿದ್ದ ನೂಲಿನ ಲಡಿಯನ್ನು ತಂದುಕೊಟ್ಟರು. ಅವತ್ತು ಅವರು ಚೇಷ್ಟೆ ಮಾಡಲಿಲ್ಲ. ಅತ್ತೆ ಮತ್ತು ನಾನು ಎರಡು ದಿನ ಬೆನ್ನು ಬಾಗಿಸಿ ಹರಿದ ಎಳೆಗಳನ್ನು ಒಂದೊಂದಾಗಿ ಕೂಡಿಸಿದೆವು. ಬೆರಳಿಗೆ ಬೂದಿ ಹಚ್ಚಿಕೊಂಡು ಎಳೆಗೆ ಎಳೆ ಹೊಸೆಯುವುದನ್ನು ನಾನು ಕಲಿತದ್ದು ಆಗ. ಇನ್ನೊಂದು ಮೊಟ್ಟೆ ಉರುಳಿದರೆ ಹಿಡಿಯಲೆಂದು ಗೂಡಿನ ಕೆಳಗೆ ಹಳೆಯ ಪಂಚೆಯ ಜೋಳಿಗೆ ಕಟ್ಟಿದೆವು.

ಮಾವನವರು ಮತ್ತೆ ಕುಣಿಗೆ ಇಳಿದು ಹಗ್ಗ ಎಳೆದರು. ಗುಬ್ಬಿ ಬೆಳಕಿಂಡಿಯಲ್ಲಿತ್ತು. ನಾಲ್ಕೈದು ಏಟು ಬಿದ್ದವೋ ಇಲ್ಲವೋ, ಇಳಿದು ಬಂದು ಗೂಡಿನಲ್ಲಿ ಮೈ ಉಬ್ಬಿಸಿ ಕೂತಿತು. ಅತ್ತೆ ನನ್ನ ಕಡೆ ಹುಬ್ಬು ಹಾರಿಸಿದರು.

ಮದುವೆಗೆ ಐದು ದಿನ ಇರುವಾಗ ಸೀರೆ ಮಗ್ಗದಿಂದ ಇಳಿಯಿತು. ಮಡಿಕೆ ಬಿಚ್ಚಿ ಕೈಯಾಡಿಸಿದರೆ ಒಂದು ಕಡೆ ಸಣ್ಣ ಸಣ್ಣ ಗಂಟುಗಳು ಸಿಕ್ಕುತ್ತಿದ್ದವು, ಕಣ್ಣಿಗೆ ಕಾಣುತ್ತಿರಲಿಲ್ಲ. ನಾದಿನಿ ಅದನ್ನು ಎದೆಗವಚಿಕೊಂಡಳು. ಆದರೆ ಅಷ್ಟರಲ್ಲಿ ಮೇಲೆ ಮೂರು ಮರಿಗಳು ಬಾಯಿ ಕಳೆದು ಕೂಗುತ್ತಿದ್ದವು, ರೆಕ್ಕೆ ಬಲಿತಿರಲಿಲ್ಲ. ಹೊಸ ಹಾಸು ಹೂಡಲು ನೂಲಿಲ್ಲ. ಮದುವೆ ಮನೆಯ ಪಡಸಾಲೆ, ಕದ ಹಾಕುವಂತಿಲ್ಲ. ಸದ್ದು ನಿಂತೊಡನೆ ಬೆಕ್ಕು ಹೊಸ್ತಿಲಲ್ಲಿ ಬಂದು ಕೂತಿತ್ತು.

ಮಾವನವರು ಬರಿದಾದ ಮಗ್ಗದಲ್ಲಿ ಕೂತು ಹಲಗೆ ಬಡಿಯತೊಡಗಿದರು. ನೇಕಾರರ ಮನೆಯಲ್ಲಿ ಖಾಲಿ ಮಗ್ಗ ಆಡಿಸಬಾರದು, ಖಾಲಿ ತೊಟ್ಟಿಲು ತೂಗಿದಷ್ಟೇ ಕೆಟ್ಟದ್ದು. ಅತ್ತೆ ಬೆಚ್ಚಿಬಿದ್ದರು. "ಏನ್ರೀ ಇದು, ಮದವಿ ಮನ್ಯಾಗ ಖಾಲಿ ಮಗ್ಗ..."

"ಖಾಲಿ ಎಲ್ಲೈತಿ? ಮ್ಯಾಲೆ ನೋಡು, ತುಂಬೇತಿ," ಎಂದರು ಮಾವನವರು.

ಬೀಗರು ಬರುವ ದಿನ ಅವರನ್ನು ಎದುರುಗೊಳ್ಳಲು ಮಾವನವರು ಓಣಿಯ ತುದಿಗೆ ಹೋಗಲೇಬೇಕಾಯಿತು. ನಾನು ಆರತಿಯ ತಟ್ಟೆ ಹುಡುಕುತ್ತಿದ್ದೆ. ಪಡಸಾಲೆಯಲ್ಲಿ ಸದ್ದು ನಿಂತಿತಲ್ಲ ಎಂದು ಗಾಬರಿಯಾಗಿ ಹೊರಬರುವಷ್ಟರಲ್ಲಿ ಮತ್ತೆ ಶುರುವಾಯಿತು. ಹೋಗಿ ನೋಡಿದರೆ ಕುಣಿಯಲ್ಲಿ ಕಾಲಿಳಿಸಿ ಕೂತವಳು ನಾದಿನಿ. ಅರಿಶಿನ ಹಚ್ಚಿದ ಕೈ, ಅದೇ ಹಗ್ಗ.

"ಏಳವಾ, ಬೀಗರು ಬಂದರು, ನೋಡಿದ್ರ ಏನಂದಾರು!" ಎಂದೆ.

"ಅಪ್ಪ ಬರೂತನಾ ನಾ ಏಳಾಂಗಿಲ್ಲ ವೈನಿ. ಬೇಕಾದ್ರ ಬೀಗರನ್ನ ಇಲ್ಲೇ ಕರಕೊಂಡು ಬರ್ರಿ," ಎಂದಳು ಆಕೆ, ಕಣ್ಣು ತೊಲೆಯ ಮೇಲಿಂದ ಕೀಳದೆ.